ಹೊಲದಲ್ಲಿ ಬೆಳೆಯುವ ಇಂಧನ

(ಪುಣೆಯ ವಿಮಾನ ನಗರದಲ್ಲಿ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನಾವು ತಮ್ಮ ಮುಂದೆ ನಿಲ್ಲಬೇಕಾಗಿ ಬಂದುದಕ್ಕೆ ಕಾರಣ, ಕಳೆದ ತಿಂಗಳು ಇದೇ ಮೇಜಿನ ಸುತ್ತ ನಡೆದ ಒಂದು ಜಗಳ. ಪತ್ರಿಕೆಯಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಸುದ್ದಿ ಬಂದಿತ್ತು. ಅಫಜಲಪುರದ ಕಡೆಯ ನಮ್ಮ ತರುಣ ಸದಸ್ಯರೊಬ್ಬರು, ದಿನವೆಲ್ಲ ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವರು, ಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿ, "ಗಾಡಿ ಮೊದಲಿನಂಗ ಓಡವಲ್ದ್ರೀ. ನಮ್ಮ ಪೆಟ್ರೋಲಿನಾಗ ಸೆರೆ ಕಲಸ್ಯಾರ" ಎಂದರು. ಎದುರಿಗೆ ಕುಳಿತಿದ್ದ ಅಥಣಿಯ ಕಡೆಯ ಹಿರಿಯರು ಕನ್ನಡಕ ತೆಗೆದು, "ತಮ್ಮಾ, ಹಂಗನಬ್ಯಾಡ. ನಮ್ಮ ಅಣ್ಣನ ಕಬ್ಬಿನ ಬಿಲ್ಲು ಹೊತ್ತಿಗೆ ಬಂದದ್ದು ಆ ಸೆರೆಯಿಂದನ" ಎಂದರು. ಮಾತಿಗೆ ಮಾತು ಬೆಳೆಯಿತು. ದೀಪ ಆರಿಸುವ ಹೊತ್ತಾದರೂ ಮುಗಿಯಲಿಲ್ಲ. ಕೊನೆಗೆ ಸಂಘದವರು, ಯಾರಾದರೂ ಈ ವಿಷಯವನ್ನು ಓದಿಕೊಂಡು ಬಂದು ಎಲ್ಲರಿಗೂ ತಿಳಿಯುವಂತೆ ಹೇಳಲಿ ಎಂದು ತೀರ್ಮಾನಿಸಿ, ಆ ಹೊರೆಯನ್ನು ನಮ್ಮ ತಲೆಯ ಮೇಲೆ ಇಟ್ಟರು. ನಾವು ವಿಜ್ಞಾನಿಗಳಲ್ಲ, ಲೆಕ್ಕ ಬರೆಯುವ ಗುಮಾಸ್ತರು. ಆದುದರಿಂದ ಲೆಕ್ಕದ ಹಾದಿಯಲ್ಲೇ ಹೋಗುತ್ತೇವೆ. ತಪ್ಪಿದರೆ ತಾವು ತಿದ್ದಬೇಕು.

ಮೊದಲು ವಿಷಯವೇನೆಂಬುದನ್ನು ನೋಡೋಣ. ಪೆಟ್ರೋಲ್, ಡೀಸೆಲ್, ಕಲ್ಲಿದ್ದಲು, ಇವೆಲ್ಲ ಕೋಟ್ಯಂತರ ವರ್ಷಗಳ ಹಿಂದೆ ನೆಲದಲ್ಲಿ ಹೂತುಹೋದ ಜೀವರಾಶಿಯಿಂದ ಆದವು. ತೆಗೆದಷ್ಟು ಮುಗಿಯುವವು, ಉರಿಸಿದರೆ ಆ ಹಳೆಯ ಇಂಗಾಲವೆಲ್ಲ ಒಮ್ಮೆಗೇ ಗಾಳಿಗೆ ಸೇರುತ್ತದೆ. ಈ ವರ್ಷ ಬೆಳೆದ ಗಿಡ, ಬೀಜ, ಸಗಣಿ, ಕಸದಿಂದ ತೆಗೆದ ಇಂಧನವೇ ಜೈವಿಕ ಇಂಧನ. ಅದನ್ನು ಉರಿಸಿದಾಗ ಹೊರಬೀಳುವುದು ಆ ಗಿಡವು ಮೊನ್ನೆ ಮೊನ್ನೆ ಗಾಳಿಯಿಂದಲೇ ಹೀರಿಕೊಂಡ ಇಂಗಾಲ. ಮಾತು ಇಷ್ಟೇ ಆಗಿದ್ದರೆ ಜಗಳವೇ ಇರುತ್ತಿರಲಿಲ್ಲ. ಆದರೆ ಗಿಡ ಬೆಳೆಸಲು ಗೊಬ್ಬರ ಬೇಕು, ನೀರೆತ್ತಲು ಪಂಪು ಬೇಕು, ಭಟ್ಟಿ ಇಳಿಸಲು ಬೆಂಕಿ ಬೇಕು. ಇವುಗಳ ಖರ್ಚನ್ನು ಕಳೆದು ಉಳಿದುದೇ ನಿಜವಾದ ಲಾಭ.

ಇದು ಹೊಸ ವಿದ್ಯೆಯೇನೂ ಅಲ್ಲ. ಸೀಮೆಎಣ್ಣೆ ಬರುವುದಕ್ಕೆ ಮೊದಲು ನಮ್ಮ ನಾಡಿನ ಬಡವರ ಮನೆಗಳಲ್ಲಿ ಉರಿಯುತ್ತಿದ್ದುದು ಹೊಂಗೆ ಎಣ್ಣೆಯ ದೀಪ. ಡೀಸೆಲ್ ಎಂಜಿನ್ನಿಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ಲನ ಯಂತ್ರವನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ಕಡೆಯ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಿಂದ ಓಡಿದುದನ್ನು ನಮ್ಮಲ್ಲಿ ಅನೇಕರು ಅಜ್ಜಂದಿರ ಬಾಯಿಂದ ಕೇಳಿದ್ದೇವೆ. ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಬಗ್ಗೆ ಸ್ವತಂತ್ರ ಭಾರತವು 1948ರಲ್ಲೇ ಒಂದು ಕಾನೂನು ಮಾಡಿತ್ತು. ಅಗ್ಗದ ಪೆಟ್ರೋಲ್ ಹರಿದು ಬಂದಾಗ ಇದೆಲ್ಲವನ್ನೂ ಅಟ್ಟದ ಮೇಲೆ ಇಟ್ಟೆವು.

ಈಗ ಅಟ್ಟದಿಂದ ಇಳಿಸುವ ಕಾಲ ಬಂದಿದೆ. ನಮ್ಮ ದೇಶವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ದೂರದ ಸಮುದ್ರದಲ್ಲಿ ಗುಂಡು ಹಾರಿದರೆ ನಮ್ಮ ಊರಿನ ತರಕಾರಿ ಗಾಡಿಯ ಬಾಡಿಗೆ ಏರುತ್ತದೆ. 1973ರ ತೈಲದ ಮುಗ್ಗಟ್ಟಿನಲ್ಲಿ ಇದೇ ಪೆಟ್ಟು ತಿಂದ ಬ್ರೆಜಿಲ್ ದೇಶವು 1975ರಲ್ಲಿ ಕಬ್ಬಿನ ಎಥೆನಾಲಿನ ದೊಡ್ಡ ಯೋಜನೆಯನ್ನು ಹೂಡಿ, ಇಂದು ಪೆಟ್ರೋಲಿಗೆ ನೂರಕ್ಕೆ 30ರಷ್ಟು ಬೆರೆಸುತ್ತಿದೆ. ಆದರೆ ಬ್ರೆಜಿಲ್ಲಿಗೆ ವಿಸ್ತಾರವಾದ ನೆಲವಿದೆ, ಅಲ್ಲಿಯ ಕಬ್ಬು ಬಹುಮಟ್ಟಿಗೆ ಮಳೆಯಲ್ಲೇ ಬೆಳೆಯುತ್ತದೆ. ಈ ಒಂದು ಮಾತನ್ನು ತಾವು ನೆನಪಿನಲ್ಲಿಡಬೇಕು.

ನಮ್ಮ ದೇಶದ ಎಥೆನಾಲ್ ಕಥೆ ನಮ್ಮ ಬಾಗಿಲಲ್ಲೇ ಆರಂಭವಾಯಿತು. 2001ರಲ್ಲಿ ಪ್ರಯೋಗಕ್ಕೆಂದು ಆರಿಸಿದ ಸ್ಥಳಗಳಲ್ಲಿ ಮಹಾರಾಷ್ಟ್ರದ ಮಿರಜ ಮತ್ತು ಮನ್ಮಾಡ ಇದ್ದವು. ಮಿರಜದ ಸ್ಟೇಷನ್ನಿನಲ್ಲಿ ಗಾಡಿ ಬದಲಿಸದ ಉತ್ತರ ಕರ್ನಾಟಕದವರು ನಮ್ಮಲ್ಲಿ ಯಾರಿದ್ದಾರೆ? 2003ರಲ್ಲಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5ರ ಬೆರಕೆ ಬಂದಿತು. ಬಹಳ ಕಾಲ ಕುಂಟುತ್ತಾ ಸಾಗಿ, 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ಓಟ ಹಿಡಿಯಿತು. 2021ರ ಜೂನ್ 5ರಂದು, ಬರೀ ಎಥೆನಾಲನ್ನೇ ಮಾರುವ ಪ್ರಯೋಗ ಇದೇ ಪುಣೆಯ ಮೂರು ಪಂಪುಗಳಲ್ಲಿ ಆರಂಭವಾಯಿತು. 2022ರಲ್ಲಿ ಬೆರಕೆ ನೂರಕ್ಕೆ 10ನ್ನು ಮುಟ್ಟಿತು. 2023ರ ಫೆಬ್ರವರಿಯಲ್ಲಿ ನೂರಕ್ಕೆ 20ರ ಪೆಟ್ರೋಲನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. 2025ರಲ್ಲಿ ದೇಶವೆಲ್ಲ ಆ ಮಟ್ಟಕ್ಕೆ ಬಂದಿತು. ಹದಿನೇಳು ವರ್ಷ ತೆವಳಿದ ಕೂಸು ಏಳು ವರ್ಷಗಳಲ್ಲಿ ಓಡಿತು.

ಈಗ ನಮ್ಮ ತರುಣ ಮಿತ್ರರ ದೂರನ್ನು ತೆಗೆದುಕೊಳ್ಳೋಣ. ಅದು ಸುಳ್ಳಲ್ಲ. ಒಂದು ಲೀಟರ್ ಎಥೆನಾಲಿನಲ್ಲಿ ಇರುವ ಶಾಖ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. 2021ರಲ್ಲಿ ನೀತಿ ಆಯೋಗವು ಹೊರಡಿಸಿದ ವರದಿಯೇ, ಹಳೆಯ ಮಾದರಿಯ ದ್ವಿಚಕ್ರ ವಾಹನಗಳಲ್ಲಿ ನೂರಕ್ಕೆ 3ರಿಂದ 4ರಷ್ಟು, ಕಾರುಗಳಲ್ಲಿ 6ರಿಂದ 7ರಷ್ಟು ಮೈಲೇಜು ಇಳಿಯಬಹುದೆಂದು ಅಂದಾಜು ಮಾಡಿತ್ತು. ಲೀಟರಿಗೆ 50 ಕಿಲೋಮೀಟರ್ ಓಡುತ್ತಿದ್ದ ಗಾಡಿ 48 ಓಡಿತೆನ್ನಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಸುತ್ತುವವನಿಗೆ 20 ಲೀಟರ್ ಸಾಲುತ್ತಿದ್ದುದು 20.8 ಲೀಟರ್ ಬೇಕಾಗುತ್ತದೆ. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ ಎಂಬತ್ತು ರೂಪಾಯಿ. ಕಚೇರಿಯಲ್ಲಿ ಕುಳಿತವರಿಗೆ ಇದು ಚಿಲ್ಲರೆ. ದಿನಕ್ಕೆ ನೂರು ಕಿಲೋಮೀಟರ್ ಸುತ್ತಿ ಹೊಟ್ಟೆ ಹೊರೆಯುವವನಿಗೆ ಅದು ಇನ್ನೂರರ ಮೇಲಾಗುತ್ತದೆ, ಅಂದರೆ ಊರಿಗೆ ಕಳಿಸುವ ಹಣದಲ್ಲಿ ಅಷ್ಟು ಖೋತಾ. ದೇಶಕ್ಕೆ ವಿದೇಶೀ ವಿನಿಮಯ ಉಳಿಯುವುದು ಸಂತೋಷವೇ. ಆದರೆ ಪಂಪಿನ ದರದಲ್ಲಿ ಆ ಉಳಿತಾಯದ ಪಾಲು ಅವನಿಗೂ ಕಾಣಬೇಕೆಂದು ಕೇಳುವುದು ದ್ರೋಹವಲ್ಲ, ಲೆಕ್ಕ.

ಅಥಣಿಯ ಹಿರಿಯರ ಮಾತೂ ಸುಳ್ಳಲ್ಲ. ಸಕ್ಕರೆಯ ಬೆಲೆ ಬಿದ್ದಾಗ ಕಾರ್ಖಾನೆಗಳು ರೈತರ ಬಾಕಿಯನ್ನು ವರ್ಷಗಟ್ಟಲೆ ಎಳೆಯುತ್ತಿದ್ದುದನ್ನು ಕಂಡವರಿಗೆ, ಎಥೆನಾಲ್ ಕೊಳ್ಳುವ ತೈಲ ಕಂಪನಿಯ ಹಣ ಹೊತ್ತಿಗೆ ಬರುವುದು ಎಷ್ಟು ದೊಡ್ಡ ನೆಮ್ಮದಿಯೆಂಬುದು ಗೊತ್ತು. ಹಿಂದೆ ಕಾಕಂಬಿಯೆಂಬುದು ಮಾರಲಾಗದ ಜಿಗಟು ಹೊರೆಯಾಗಿತ್ತು. ಈಗ ಅದಕ್ಕೂ ಬೆಲೆ ಬಂದಿದೆ. ಹಾಗೆಂದು ಎಲ್ಲವೂ ಸರಿಹೋಯಿತೆನ್ನುವಂತಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬಿನ ಬೆಳೆಗಾರರು ಟನ್ನಿಗೆ 3500 ರೂಪಾಯಿ ಕೇಳಿ ದಿನಗಟ್ಟಲೆ ಹಾದಿಯ ಮೇಲೆ ಕುಳಿತರು, 3300ಕ್ಕೆ ಇತ್ಯರ್ಥವಾಯಿತು. ಅದೇ ಹಂಗಾಮಿನಲ್ಲಿ ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2400 ರೂಪಾಯಿಯ ಬೆಂಬಲ ಬೆಲೆ ಇದ್ದರೂ ಪೇಟೆಯಲ್ಲಿ ಅಷ್ಟು ಸಿಗದೆ ಗದಗ, ಹಾವೇರಿಯ ಕಡೆಯ ರೈತರು ಬೀದಿಗೆ ಬಂದರು. ಎಥೆನಾಲಿಗೆಂದು ಬೆಳೆಯಿರಿ ಎಂದು ಹೇಳುವುದು ಸುಲಭ. ಬೆಳೆದುದನ್ನು ಕೊಳ್ಳುವ ಭರವಸೆ ಬೇರೆ ಮಾತು.

ಇನ್ನು ಇವರಿಬ್ಬರ ಜಗಳದಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ. ಅದು ನೀರು. ನೀತಿ ಆಯೋಗದ ಅದೇ ವರದಿಯ ಲೆಕ್ಕದಂತೆ, ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಸುಮಾರು 2860 ಲೀಟರ್ ನೀರು ಖರ್ಚು. ಬೇಸಿಗೆಯಲ್ಲಿ ನಮ್ಮ ವಿಮಾನ ನಗರದ ಸೊಸೈಟಿಗಳಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರನ್ನು ತಾವೆಲ್ಲ ನೋಡಿದ್ದೀರಿ. ಅಂಥ ಒಂದು ಟ್ಯಾಂಕರ್ ನೀರಿಗೆ ಮೂರೂವರೆ ಲೀಟರ್ ಎಥೆನಾಲ್! ಸಕ್ಕರೆ ತೆಗೆದ ಮೇಲೆ ಉಳಿದ ಕಾಕಂಬಿಯಿಂದ ಮಾಡಿದರೆ ಆ ನೀರಿನ ಬಹುಪಾಲನ್ನು ಸಕ್ಕರೆಯ ಲೆಕ್ಕಕ್ಕೆ ಬರೆಯಬಹುದು. ನೇರವಾಗಿ ಹಾಲಿನಿಂದಲೇ ಮಾಡಿದರೆ ಹಾಗೆ ಬರೆಯಲಾಗದು. 2023ರಲ್ಲಿ ಮಳೆ ಕೈಕೊಟ್ಟಾಗ ಡಿಸೆಂಬರಿನಲ್ಲಿ ಸರಕಾರವೇ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ತಡೆ ಹಾಕಬೇಕಾಯಿತು. ಆ ಬಳಿಕ ಮೆಕ್ಕೆಜೋಳದ ಪಾಲು ಹೆಚ್ಚಿತು. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ಆದರೆ ಅದೇ ಜೋಳವನ್ನು ಕೋಳಿಯೂ ತಿನ್ನುತ್ತದೆ. ಹೊರಗೆ ಮಾರುತ್ತಿದ್ದ ನಾವು 2024ರಲ್ಲಿ ಮೆಕ್ಕೆಜೋಳವನ್ನು ಹೊರಗಿನಿಂದ ತರಿಸಿಕೊಂಡೆವು.

ನಾವು ಊರು ಬಿಟ್ಟು ಬಂದುದೇಕೆ? ನಮ್ಮಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಒಣಭೂಮಿಯಿಂದ ಬಂದವರು. ನೀರಿಲ್ಲದೆ ಬಂದೆವು. ನದಿಯ ದಡದಲ್ಲಿ ಕಬ್ಬು ಹಸಿರಾಗಿ ನಿಂತಿರುವಾಗ ಎತ್ತರದ ಹೊಲದವನು ಗಂಟು ಕಟ್ಟಿಕೊಂಡು ಹೊರಟ. ಆ ಕಬ್ಬನ್ನು ಕಡಿಯುವವರೂ ನಮ್ಮಂಥವರೇ. ದೀಪಾವಳಿಯ ಸುಮಾರಿಗೆ ಮುಕಾದಮನ ಮುಂಗಡ ಹಣ ಪಡೆದು, ಗಂಡಹೆಂಡಿರು ಜೋಡಿಯಾಗಿ, ಕೂಸುಗಳ ಸಮೇತ ಟ್ರಾಕ್ಟರ್ ಏರಿ ಬರುವ ಗ್ಯಾಂಗುಗಳನ್ನು ಹಡಪ್ಸರದ ಹಾದಿಯಲ್ಲಿ ನಾವು ನೋಡಿಲ್ಲವೇ? ಪೆಟ್ರೋಲ್ ಹಸಿರಾಯಿತೆಂದು ಹೇಳುವಾಗ ಆ ಕಬ್ಬಿನ ಗದ್ದೆಯ ಬದಿಯ ತಾಡಪತ್ರಿಯ ಗುಡಿಸಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ನೀರು ಕೇಳದ ಇಂಧನವಿಲ್ಲವೇ? ಇದೆಯೆಂದು ಹಿಂದೊಮ್ಮೆ ಬಹಳ ಸಂಭ್ರಮದಿಂದ ಹೇಳಿದರು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜತ್ರೋಪಾ, ಅಂದರೆ ನಮ್ಮ ಕಾಡುಹರಳನ್ನು ಬಂಜರು ಭೂಮಿಯಲ್ಲಿ ಬೆಳೆಸಿ ಡೀಸೆಲ್ ತೆಗೆಯಲು ಸಲಹೆ ಕೊಟ್ಟಿತು. 2009ರ ರಾಷ್ಟ್ರೀಯ ನೀತಿಯು 2017ರೊಳಗೆ ನೂರಕ್ಕೆ 20ರ ಬೆರಕೆಯಾಗಬೇಕೆಂದಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು. ಬಂಜರಿನಲ್ಲಿ ಗಿಡ ಬದುಕಿತು, ಕಾಯಿ ಕಟ್ಟಲಿಲ್ಲ. ಕಾಯಿ ಬೇಕಾದರೆ ನೀರು, ಗೊಬ್ಬರ ಎರಡೂ ಬೇಕಾದವು. ನಂಬಿ ನೆಟ್ಟ ರೈತರು ಕಿತ್ತು ಹಾಕಿದರು. ಡೀಸೆಲಿಗೆ ಜೈವಿಕ ಎಣ್ಣೆಯ ಬೆರಕೆ ಈ ಹೊತ್ತಿಗೂ ನೂರಕ್ಕೆ ಒಂದನ್ನು ಮುಟ್ಟಿಲ್ಲ.

ಕರ್ನಾಟಕವು ಇಲ್ಲಿ ಸ್ವಲ್ಪ ಬೇರೆ ದಾರಿ ಹಿಡಿಯಿತೆಂದು ಹೇಳಲು ಸಂತೋಷವಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ; ನಮ್ಮವರು ಹಿತ್ತಲ ಗಿಡದ ಕಡೆಗೇ ತಿರುಗಿದರು. 2009ರಲ್ಲಿ ರಾಜ್ಯವು ತನ್ನದೇ ಜೈವಿಕ ಇಂಧನ ನೀತಿಯನ್ನು ಹೊರಡಿಸಿ, ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಮೊದಲಾದ ಮರಗಳನ್ನು ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಹಾಳುಬಿದ್ದ ಕಾಡಿನಲ್ಲಿ ಬೆಳೆಸುವಂತೆ ಹೇಳಿತು. ಒಂದು ಯೋಜನೆಗೆ 'ಬರಡು ಬಂಗಾರ' ಎಂದು ಹೆಸರಿಟ್ಟರು. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಜೈವಿಕ ಇಂಧನ ಉದ್ಯಾನವನ್ನು ನಡೆಸಿ, ಸಸಿಗಳನ್ನು ಹಂಚಿ, ಬೀಜದಿಂದ ಎಣ್ಣೆ ತೆಗೆದು ತೋರಿಸಿತು.

ಇಲ್ಲಿನವರು ಕರಂಜ ಎನ್ನುವ ಹೊಂಗೆಯ ಗುಣವನ್ನು ನಾವು ತಮಗೆ ವರ್ಣಿಸಬೇಕಾಗಿಲ್ಲ. ದನ ಅದನ್ನು ಮೇಯುವುದಿಲ್ಲವಾದ್ದರಿಂದ ಬೇಲಿ ಬೇಡ. ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಸೊಪ್ಪು ಗೊಬ್ಬರವಾಗುತ್ತದೆ. ಸುಮಾರು ನಾಲ್ಕು ಕಿಲೋ ಬೀಜವನ್ನು ಗಾಣಕ್ಕೆ ಹಾಕಿದರೆ ಒಂದು ಲೀಟರ್ ಎಣ್ಣೆ. ಉಳಿದ ಹಿಂಡಿಯೂ ಗೊಬ್ಬರವೇ. ಆ ಎಣ್ಣೆ ಮಂದವಾದುದರಿಂದ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಕಾಯಿಸಿದರೆ ಗ್ಲಿಸರಿನ್ ಕೆಳಗಿಳಿದು ಮೇಲೆ ತಿಳಿಯಾದ ಡೀಸೆಲ್ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೊಂಗೆಯ ಕಾಯಿ ಆಯುವ ಕಾಲ ಬೇಸಿಗೆ, ಅಂದರೆ ಹೊಲದಲ್ಲಿ ಕೆಲಸವಿಲ್ಲದೆ ನಮ್ಮ ಜನ ಪುಣೆಯ ಗಾಡಿ ಹತ್ತುವ ಕಾಲ. ಭೂಮಿ ಇಲ್ಲದ ಮುದುಕಿಯೂ ಕೆರೆಯ ಏರಿಯ ಮೇಲೆ ಆಯ್ದು ನಾಲ್ಕು ಕಾಸು ಕಾಣಬಹುದು. ಆದರೆ ಬೀಜದ ಬೆಲೆ ಅಂಗಡಿಯವನ ಕೈಯಲ್ಲಿದೆ, ಗಾಣ ಊರಿನಿಂದ ದೂರವಿದೆ, ಮರ ಫಲ ಕೊಡಲು ವರ್ಷಗಳು ಬೇಕು. ಹೀಗಾಗಿ ಬರಡು ಇನ್ನೂ ಬಂಗಾರವಾಗಿಲ್ಲ. ಮರದ ತಪ್ಪು ಇದರಲ್ಲಿ ಕಡಿಮೆ, ಏರ್ಪಾಟಿನ ತಪ್ಪು ಹೆಚ್ಚು.

ಏರ್ಪಾಟು ಸರಿಯಿದ್ದರೆ ಏನಾಗುತ್ತದೆಂಬುದಕ್ಕೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯ ಕಥೆ ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ತಂಡವು ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಮೊದಲ ಯೋಚನೆ ಎಲ್ಲರ ಒಲೆಗೂ ಗ್ಯಾಸ್ ಕೊಡುವುದು. ಗ್ಯಾಸ್ ಅಷ್ಟಕ್ಕೆ ಸಾಲಲಿಲ್ಲ. ಜನರಿಗೂ ಅದಕ್ಕಿಂತ ಹೆಚ್ಚಾಗಿ ಬೇಕಾಗಿದ್ದುದು ಕುಡಿಯುವ ನೀರು. ವಿಜ್ಞಾನಿಗಳು ತಮ್ಮ ಹಟ ಬಿಟ್ಟು ಜನರ ಮಾತು ಕೇಳಿದರು. 1987ರಿಂದ ಆ ಗ್ಯಾಸಿನಿಂದ ಎಂಜಿನ್ ಓಡಿಸಿ ಕೊಳವೆ ಬಾವಿಯ ನೀರೆತ್ತಿದರು, ಮನೆಗಳಿಗೆ ವಿದ್ಯುದ್ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಹಣ, ಗ್ಯಾಸ್ ತೆಗೆದ ಬಗ್ಗಡ ಮತ್ತೆ ಹೊಲಕ್ಕೆ. ಆ ಹಳ್ಳಿಯವರು ಪುಸ್ತಕ ಓದಿ ಒಪ್ಪಲಿಲ್ಲ. ನಲ್ಲಿಯಲ್ಲಿ ನೀರು ಬಂದುದನ್ನು ನೋಡಿ ಒಪ್ಪಿದರು.

ಪೇಟೆಯ ನಮಗೆ ಇದರಲ್ಲಿ ಪಾಲಿಲ್ಲವೆಂದು ಎಣಿಸಬೇಡಿ. ನಮ್ಮ ಸದಸ್ಯರಲ್ಲಿ ಹೋಟೆಲಿನವರು ಬಹಳ. ಬಾಣಲೆಯಲ್ಲಿ ಮತ್ತೆ ಮತ್ತೆ ಕಾದು ಕಪ್ಪಾದ ಎಣ್ಣೆ ಎಲ್ಲಿಗೆ ಹೋಗುತ್ತದೆಂಬುದು ಅವರಿಗೆ ಗೊತ್ತು. ಅಗ್ಗವಾಗಿ ಬೀದಿಯ ವಡೆಯವನಿಗೆ ಹೋದರೆ ಬಡವನ ಹೊಟ್ಟೆಗೆ, ಚರಂಡಿಗೆ ಸುರಿದರೆ ಮುಳಾ ಮುಠಾ ನದಿಗೆ. 2018ರಿಂದ ಆಹಾರ ಸುರಕ್ಷತಾ ಪ್ರಾಧಿಕಾರವು ಕಾದ ಎಣ್ಣೆಯ ಕೆಡುವಿಕೆಗೆ ಮಿತಿ ಗೊತ್ತುಮಾಡಿ, ಮಿತಿ ಮೀರಿದ ಎಣ್ಣೆಯನ್ನು ಕೂಡಿಸಿ ಡೀಸೆಲ್ ಮಾಡುವವರಿಗೆ ಮುಟ್ಟಿಸುವ ಏರ್ಪಾಟನ್ನು ಆರಂಭಿಸಿದೆ. ಇದಕ್ಕೆ ಒಂದು ಗೇಣು ನೆಲವೂ ಬೇಡ, ಒಂದು ಹನಿ ನೀರೂ ಬೇಡ. ಹಸಿಕಸದಿಂದ ಗ್ಯಾಸ್ ತೆಗೆಯುವ ಸ್ಥಾವರಗಳು ಈ ನಗರದಲ್ಲೇ ಇವೆ. ಅವು ನಡೆಯುವುದು ನಮ್ಮ ಅಡಿಗೆಮನೆಯಲ್ಲಿ ಹಸಿಯನ್ನೂ ಒಣವನ್ನೂ ಬೇರೆ ಮಾಡಿದರೆ ಮಾತ್ರ. ಹರಿಯಾಣದ ಪಾಣಿಪತ್ತಿನಲ್ಲಿ 2022ರಿಂದ ಭತ್ತದ ಹುಲ್ಲಿನಿಂದ ಎಥೆನಾಲ್ ತೆಗೆಯುವ ಕಾರ್ಖಾನೆಯೂ ಬಂದಿದೆ.

ನಮ್ಮ ಬಡಾವಣೆಯ ಹೆಸರೇ ವಿಮಾನ ನಗರ. ಐದು ನಿಮಿಷಕ್ಕೊಮ್ಮೆ ತಲೆಯ ಮೇಲೆ ಗುಡುಗುವ ಸದ್ದಿಗೆ ಮಾತು ನಿಲ್ಲಿಸಿ ಮುಂದುವರಿಸುವುದು ನಮಗೆ ರೂಢಿಯಾಗಿದೆ. 2023ರ ಮೇ 19ರಂದು ಇಲ್ಲಿಂದ ದೆಹಲಿಗೆ ಹಾರಿದ ಏರ್ ಏಷಿಯಾ ಇಂಡಿಯಾ ಕಂಪನಿಯ ವಿಮಾನವೊಂದರಲ್ಲಿ, ಪುಣೆಯ ಪ್ರಾಜ್ ಕಂಪನಿಯೂ ಇಂಡಿಯನ್ ಆಯಿಲ್ ಸಂಸ್ಥೆಯೂ ಕೂಡಿ ಒದಗಿಸಿದ ಜೈವಿಕ ಇಂಧನದ ಬೆರಕೆ ಇತ್ತು. ದೇಶದಲ್ಲೇ ತಯಾರಾದ ಅಂಥ ಇಂಧನದಿಂದ ಪ್ರಯಾಣಿಕರನ್ನು ಹೊತ್ತು ಹಾರಿದ ಮೊದಲ ವಾಣಿಜ್ಯ ವಿಮಾನ ಅದು. ನಮ್ಮಲ್ಲಿ ಎಷ್ಟೋ ಜನ ಅಂದು ತಲೆ ಎತ್ತಿಯೂ ನೋಡಿರಲಿಕ್ಕಿಲ್ಲ. ಬೆರಕೆಯ ಪ್ರಮಾಣ ಅಲ್ಪವೇ. ಹೊರದೇಶಕ್ಕೆ ಹಾರುವ ವಿಮಾನಗಳಲ್ಲಿ 2027ಕ್ಕೆ ನೂರಕ್ಕೆ ಒಂದು, 2028ಕ್ಕೆ ಎರಡು ಎಂಬ ಗುರಿ ಇಟ್ಟುಕೊಂಡಿದ್ದಾರೆ.

ವಿಮಾನದ ಮಾತು ಬಂದುದು ಒಂದು ಕಾರಣಕ್ಕಾಗಿ. ಬಿಸಿಲನ್ನು ವಿದ್ಯುತ್ತಾಗಿ ಮಾಡುವುದರಲ್ಲಿ ಸೋಲಾರ್ ಹಲಗೆ ನೂರಕ್ಕೆ ಇಪ್ಪತ್ತರಷ್ಟನ್ನು ಹಿಡಿಯುತ್ತದೆ; ಬೆಳೆಯು ಹಿಡಿಯುವುದು ಒಂದೋ, ಅದಕ್ಕೂ ಕಡಿಮೆಯೋ. ಆದುದರಿಂದ ವಿದ್ಯುತ್ತಿನಿಂದ ಓಡಬಲ್ಲ ಸ್ಕೂಟರು, ರಿಕ್ಷಾ, ಬಸ್ಸುಗಳಿಗಾಗಿ ಹೊಲದ ಕಬ್ಬನ್ನು ಸುಡುವುದು ಬಹುಕಾಲದ ದಾರಿಯಲ್ಲ. ಬ್ಯಾಟರಿಯ ಭಾರ ಹೊರಲಾರದ ವಿಮಾನ, ಹಡಗುಗಳಿಗೆ ಜೈವಿಕ ಇಂಧನ ಬೇಕೇ ಬೇಕು. ಸೋಲಾರಿಗೂ ತನ್ನದೇ ಕುಂದಿದೆ. ಮಳೆ ಕಾಣದ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವಾಟ್ ವಿದ್ಯುತ್ತಿನ ಸೋಲಾರ್ ಪಾರ್ಕ್ ಬಂದಾಗ, ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯ ಬಾಡಿಗೆ ಗೊತ್ತಾಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ ಬಾಡಿಗೆ ಎಲ್ಲಿಂದ ಬರಬೇಕು? ಬೀಜ ಆಯುವ ಕೆಲಸ, ಸಗಣಿ ಕೂಡಿಸುವ ಕೆಲಸ, ಕಸ ಬೇರ್ಪಡಿಸುವ ಕೆಲಸ ಅವನ ಕೈಗೆ ದಕ್ಕುವುದು.

ನಮ್ಮ ಲೆಕ್ಕ ಹೀಗೆ ಕೂಡುತ್ತದೆ. ಮೊದಲು ಕಸ, ಸಗಣಿ, ಸುಟ್ಟ ಎಣ್ಣೆ, ಹುಲ್ಲು, ಕಾಕಂಬಿ. ಆಮೇಲೆ ಬದುವಿನ ಮತ್ತು ಕೆರೆ ಏರಿಯ ಮರಗಳು. ಉಣ್ಣುವ ಧಾನ್ಯ, ನದಿ ಕುಡಿಯುವ ಕಬ್ಬು ಕಟ್ಟಕಡೆಗೆ, ಹೆಚ್ಚಾದ ವರ್ಷಗಳಲ್ಲಿ ಮಾತ್ರ. ಬಡದೇಶಕ್ಕೆ ಇಂಧನ ಬೇಕು, ನಿಜ. ಒಬ್ಬನ ತಟ್ಟೆಯಿಂದ ತೆಗೆದು ಇನ್ನೊಬ್ಬನ ಟ್ಯಾಂಕಿಗೆ ಸುರಿದರೆ ದೇಶದ ಬಡತನ ಜಾಗ ಬದಲಿಸೀತು, ಕಡಿಮೆಯಾಗದು.

ಈ ಭಾಷಣವನ್ನು ಬರೆದ ಮೇಲೆ ಜಗಳವಾಡಿದ ಇಬ್ಬರಿಗೂ ಮೊದಲೇ ಓದಿ ತೋರಿಸಿದೆವು. ತರುಣ ಮಿತ್ರರು, "ಎಂಬತ್ತು ರೂಪಾಯಿ ಅಂತ ಬರದೀರಿ, ನನಗ ಇನ್ನೂರರ ಮ್ಯಾಲೆ ಅಂತ ಬರದೀರಿ, ಅಷ್ಟು ಸಾಕ್ರಿ" ಎಂದರು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಣ್ಣನ ಹೊಲದ ಬದುವಿನಾಗ ಎರಡು ಹೊಂಗೆ ಗಿಡ ಇದ್ದುವು. ಕಬ್ಬಿಗೆ ನೆರಳು ಬೀಳತೈತಿ ಅಂತ ಕಡಿಸಿಬಿಟ್ಟ" ಎಂದರು. ಮತ್ತೇನೂ ಹೇಳಲಿಲ್ಲ. ಮರುದಿನ ವಾಚನಾಲಯಕ್ಕೆ ಬಂದವರು, ಮಳೆಗಾಲದಲ್ಲಿ ಊರಿಗೆ ಹೋಗುವಾಗ ಸಸಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು.

ಹೋಟೆಲಿನ ಬಾಂಧವರು ಕರಿದ ಎಣ್ಣೆಯ ವಿಷಯದಲ್ಲಿ ಕೂಟದ ನಂತರ ಸ್ವಲ್ಪ ಹೊತ್ತು ನಿಲ್ಲಬೇಕಾಗಿ ಪ್ರಾರ್ಥನೆ.